ರಫೂ ಅಕ್ಕನ ಕೆಂಪು ದಾರ

ಸೂರ್ಯ ಇನ್ನೂ ಮಗ್ಗುಲು ಬದಲಿಸುತ್ತಿದ್ದಾನೆ. ಇಸ್ತ್ರಿ ಅಂಗಡಿಯ ಮೂಲೆಯ ಮಣೆಯ ಮೇಲೆ ರಫೂ ಅಕ್ಕ ಆಗಲೇ ಕೂತಿದ್ದಾರೆ. ಕನ್ನಡಕ ಮೂಗಿನ ತುದಿಗೆ ಜಾರಿದೆ, ತೊಡೆಯ ಮೇಲೆ ಒಂದು ಕಪ್ಪು ಜೀನ್ಸ್ ಜಾಕೆಟ್ಟಿದೆ. ಭೂಮಿ ಹುಟ್ಟಿದಾಗಿನಿಂದ ಯಾವ ರಫೂ ಕೆಲಸದವರೂ ಮಾಡದ ಪಾಪವನ್ನು ಅವರು ಈಗ ಮಾಡುತ್ತಿದ್ದಾರೆ. ತಾವೇ ಹಾಕಿದ ಹೊಲಿಗೆಯನ್ನು ಎಳೆ ಎಳೆಯಾಗಿ ತಾವೇ ಬಿಚ್ಚುತ್ತಿದ್ದಾರೆ.

ಬಟ್ಟೆಯ ಒಳಮಡಿಕೆಯಿಂದ ಎಳೆ ಕಿತ್ತು, ಅದರಿಂದಲೇ ಹರಿದ ಜಾಗವನ್ನು ನೇಯ್ದು, ಹರಿದದ್ದೇ ಸುಳ್ಳು ಎನ್ನಿಸುವ ಕೆಲಸ ರಫೂ. ಅಕ್ಕ ಮುಚ್ಚಿದ ಹರುಕನ್ನು ಹುಡುಕಲು ಹೋಗಿ ಕಣ್ಣಿಗೆ ಪೊರೆ ಬರಿಸಿಕೊಂಡವರಿದ್ದಾರೆ. ಆ ಬಟ್ಟೆ ನೇಯ್ದ ಮಗ್ಗವೇ ನಡೆದು ಬಂದು ನೋಡಿದರೂ ಇದು ನನ್ನದೇ ಕೆಲಸ ಎಂದು ಆಣೆ ಹಾಕಿ ಹೋದೀತು.

ಬೀದಿಯ ಅರ್ಧಕ್ಕರ್ಧ ಗಣ್ಯರ ಮಾನ ಈ ಸೂಜಿಯ ತುದಿಯಲ್ಲಿ ನಿಂತಿದೆ. ಆದರೆ ಎದುರಿಗೆ ಸಿಕ್ಕರೆ ಒಬ್ಬರೂ ಮಾತಾಡಿಸುವುದಿಲ್ಲ. ಮಾತಾಡಿಸಿದರೆ ಪ್ಯಾಂಟು ಹರಿದಿತ್ತೆಂದು ಒಪ್ಪಿಕೊಂಡ ಹಾಗಾಗುತ್ತದಲ್ಲ!

"ಬ್ಯಾಂಕ್ ಮ್ಯಾನೇಜರು ನನ್ನ ಕಂಡ್ರೆ ಆ ಕಡೆ ಫುಟ್‌ಪಾತಿಗೆ ಹಾರ್ತಾರೆ," ಎನ್ನುತ್ತಾರೆ ಅಕ್ಕ. "ಅವರದ್ದು ಯಾವ ಕಡೆ ಹರಿದಿತ್ತು ಅಂತ ನನಗೆ ಗೊತ್ತಲ್ಲ, ಅದಕ್ಕೆ."

ವಿದ್ಯೆ ಬಂದದ್ದು ಅತ್ತೆಯಿಂದ. ಸೊಸೆಯ ಹೊಲಿಗೆ ಕಣ್ಣಿಗೆ ಬಿದ್ದರೆ ಅತ್ತೆಯ ಮರದ ಸ್ಕೇಲು ಸೊಸೆಯ ಬೆರಳಿಗೆ ಬೀಳುತ್ತಿತ್ತು. ಕಂಡರೆ ಕೆಟ್ಟಿತು ಎನ್ನುವುದೊಂದೇ ಆಕೆಯ ವೇದ, ಉಪನಿಷತ್ತು, ಅಡುಗೆ ಪುಸ್ತಕ ಎಲ್ಲ. ಈಗ ದಿನಕ್ಕೆ ಎರಡು ಹರುಕು ಮುಗಿಸಿದರೆ ಅಕ್ಕನ ಕಣ್ಣು ರಾಜೀನಾಮೆ ಬರೆದುಕೊಡುತ್ತದೆ. ಆಮೇಲೆ ಇಸ್ತ್ರಿ ಪೆಟ್ಟಿಗೆಯ ಹಿಂದೆ ನಿಂತ ತಮ್ಮ ಯಜಮಾನರು ಮನುಷ್ಯರೋ ನೇತುಹಾಕಿದ ಕೋಟೋ ಗೊತ್ತಾಗುವುದಿಲ್ಲ.

ಜಾಕೆಟ್ಟು ಗಿಣಿಯದು. ಹೆಸರಿಟ್ಟದ್ದು ಅಕ್ಕನೇ. ಹುಡುಗಿಯ ತಲೆಗೂದಲು ಎಂಥ ಹಸಿರೆಂದರೆ, ಬಯಲಲ್ಲಿ ನಿಂತರೆ ಹಸುಗಳು ಬೆನ್ನು ಹತ್ತುತ್ತವೆ. ಹಗಲು ಡಿಪೋದಲ್ಲಿ ಬಸ್ಸು ತೊಳೆಯುತ್ತಾಳೆ, ಸಂಜೆ ಮೂರು ಜನರ ಪಂಕ್ ತಂಡದಲ್ಲಿ ಹಾಡುತ್ತಾಳೆ. ಹೋದ ವಾರ ಬಂದವಳು ಜಿಪ್ಪೊಂದು ಬದಲಾಯಿಸಿ ಅಂದಿದ್ದಳು, ಅಷ್ಟೇ. ಅಕ್ಕ ಜಾಕೆಟ್ಟು ಬಿಡಿಸಿ ನೋಡಿದರೆ ಮೊಣಕೈ ಇಲ್ಲ, ಕಾಲರು ಅರ್ಧ, ಹೆಗಲಿಂದ ಸೊಂಟದವರೆಗೆ ಬೆಕ್ಕೊಂದು ಮರಿಗಳ ಸಮೇತ ಸಂಸಾರ ಹೂಡುವಷ್ಟು ಹರುಕು. ಸಾಲದ್ದಕ್ಕೆ ಎಲ್ಲೆಲ್ಲೂ ಸೇಫ್ಟಿ ಪಿನ್ನು.

"ಪಾಪ, ಹೇಳೋರು ಕೇಳೋರು ಇಲ್ಲದ ಕೂಸು ಅಂದ್ಕೊಂಡೆ," ಎನ್ನುತ್ತಾರೆ ಅಕ್ಕ.

ವಾರವಿಡೀ ಕೂತು ಎಲ್ಲ ಮುಚ್ಚಿದರು. ಯಜಮಾನರು ತೋಳಿಗೆ ಎಳೆದ ಇಸ್ತ್ರಿ ಗೆರೆಯಲ್ಲಿ ಈರುಳ್ಳಿ ಹೆಚ್ಚಬಹುದಿತ್ತು. ನಿನ್ನೆ ಸಂಜೆ ಗಿಣಿ ಬಂದು ಅದನ್ನು ನೋಡಿ, ಇದು ಯಾರದ್ದೋ, ನನ್ನದು ಕೊಡಿ ಅಂದಳು. ಇದಕ್ಕಿಂತ ದೊಡ್ಡ ಪ್ರಶಸ್ತಿ ಉಂಟೇ? ಅಕ್ಕ ಹಿಗ್ಗಿ ಹೀರೇಕಾಯಿಯಾದರು. ಆಮೇಲೆ ಹುಡುಗಿಗೆ ಗುರುತು ಹತ್ತಿತು. ಇಸ್ತ್ರಿಗೆ ಬಂದ ಬಟ್ಟೆರಾಶಿಯ ಮೇಲೆ ಕುಸಿದಳು.

ಅಲ್ಲಿ ಕೂತೇ ಅವಳು ಪಂಕ್ ಅಂದರೇನೆಂದು ಪಾಠ ಮಾಡಿದಳು. ಮೂರು ಸ್ವರ ಬಂದರೆ ಧಾರಾಳವಂತೆ. ಯಾರ ಅಪ್ಪಣೆಯೂ ಬೇಡವಂತೆ. ವಾದ್ಯ ನೀವೇ ಕಟ್ಟಿಕೊಳ್ಳಿ, ಪೋಸ್ಟರು ನೀವೇ ಅಂಟಿಸಿ, ಮುಚ್ಚಿಡುವುದೊಂದನ್ನು ಬಿಟ್ಟು ಏನು ಬೇಕಾದರೂ ಮಾಡಿ. ಹೆಗಲ ಹರುಕು ಆದದ್ದು ಮೊದಲ ಕಾರ್ಯಕ್ರಮದ ದಿನ. ಇಳಿಯೇ ಸಾಕು ಎಂದು ಜನ ಜಾಕೆಟ್ಟು ಹಿಡಿದು ವೇದಿಕೆಯಿಂದ ಎಳೆದಿದ್ದರು, ಇವಳು ಜೋತಾಡಿಕೊಂಡೇ ಹಾಡು ಮುಗಿಸಿದ್ದಳು. ಇವತ್ತು ಸಂಜೆ ಮತ್ತೆ ಅದೇ ಜಾಗ, ಅದೇ ಜನ.

"ಈ ಇಸ್ತ್ರಿ ಗೆರೆ ಹಾಕ್ಕೊಂಡು ನಿಂತ್ರೆ ಇನ್ಶೂರೆನ್ಸ್ ಮಾರೋಕೆ ಬಂದಿದೀನಿ ಅಂದ್ಕೋತಾರೆ ಅಕ್ಕ," ಅಂದಳು ಗಿಣಿ. ಜಾಕೆಟ್ಟಿಲ್ಲದೆ ತಾನು ವೇದಿಕೆ ಹತ್ತುವುದಿಲ್ಲ ಎಂದೂ ಸೇರಿಸಿದಳು.

ಪಿನ್ನುಗಳ ಕಥೆ ಬೇರೆ. ಯಜಮಾನರು ಅವನ್ನೆಲ್ಲ ಗಿರಾಕಿಗಳ ಬಟ್ಟೆಗೆ ಗುರುತಿನ ಚೀಟಿ ಸಿಕ್ಕಿಸಲು ಬಳಸಿಬಿಟ್ಟಿದ್ದಾರೆ. ಬೀದಿಗೆ ಬೀದಿಯೇ ತನಗೆ ತಿಳಿಯದೆ ಪಂಕ್ ಆಗಿ ಕೂತಿದೆ. ಇವತ್ತು ಬೆಳಗ್ಗೆ ಮನೆಮನೆ ಸುತ್ತಿ ವಸೂಲಿ ಮಾಡಿಕೊಂಡು ಬಂದ ಯಜಮಾನರು ಡಬ್ಬಿಯನ್ನು ಅಕ್ಕನ ಮುಂದಿಡುತ್ತಾರೆ.

"ಮ್ಯಾನೇಜರದ್ದು ಒಂದು ಬರಲಿಲ್ಲ ಕಣೇ. ಅದನ್ನ ತೆಗೆದ್ರೆ ಪ್ಯಾಂಟು ನಿಲ್ಲಲ್ವಂತೆ."

ಬಿಚ್ಚಿದ್ದಾಯಿತು. ಮೊಣಕೈ, ಕಾಲರು ಹಳೆಯ ವೈಭವಕ್ಕೆ ಮರಳಿವೆ. ಹೆಗಲು ಮಾತ್ರ ಕೈಕೊಟ್ಟಿದೆ. ನೇಯ್ದು ಬಿಚ್ಚಿದ ಏಟಿಗೆ ಬಟ್ಟೆ ಜಾಳಾಗಿ, ಗಿಣಿ ಒಮ್ಮೆ ಕೈ ಎತ್ತಿದರೆ ಜಾಕೆಟ್ಟು ಎರಡು ಪಾಲಾಗಿ ಎರಡು ಊರು ಸೇರುವ ಸ್ಥಿತಿ. ಹೊಲಿಯದೆ ಗತಿಯಿಲ್ಲ. ಕಾಣದ ಹಾಗೆ ಹೊಲಿಯುವಂತಿಲ್ಲ. ಡಿಪೋಗೆ ಹೊರಟ ದಾರಿಯಲ್ಲಿ ಇಣುಕಿದ ಗಿಣಿ, ಕಪಾಟಿನಿಂದ ಕೆಂಪು ದಾರದ ಉಂಡೆ ತೆಗೆದು ಅಕ್ಕನ ಮಡಿಲಿಗೆ ಹಾಕುತ್ತಾಳೆ.

ಅಕ್ಕನ ಕೈ ನಿಲ್ಲುತ್ತದೆ. ಇಷ್ಟು ವರ್ಷದಲ್ಲಿ ಅವರ ಒಂದು ಹೊಲಿಗೆಯನ್ನೂ ಒಂದು ನರಪಿಳ್ಳೆಯೂ ನೋಡಿಲ್ಲ.

"ಕಂಡ್ರೆ ತಪ್ಪೂ ಕಾಣುತ್ತಮ್ಮ," ಎನ್ನುತ್ತಾರೆ.

"ಕಾಣ್ಲಿ ಬಿಡಿ. ನಾನೆಷ್ಟು ತಪ್ಪು ಹಾಡ್ತೀನಿ ಅಂತ ಸಂಜೆ ಬಂದು ಕೇಳಿ."

"ಕಲಿತು ಹಾಡಬಾರದಾ?"

"ಕಲಿಯೋ ಹೊತ್ತಿಗೆ ಸಿಟ್ಟು ಆರಿಹೋಗುತ್ತೆ ಅಕ್ಕ."

ಅಕ್ಕ ಎದುರಿನ ಫುಟ್‌ಪಾತು ನೋಡುತ್ತಾರೆ. ಮ್ಯಾನೇಜರು ಅತ್ತ ಮುಖ ಮಾಡಿ ಸರಸರ ಹೋಗುತ್ತಿದ್ದಾರೆ. ಅಕ್ಕ ದಾರದ ತುದಿಯನ್ನು ನಾಲಿಗೆಗೆ ಸೋಕಿಸಿ ಸೂಜಿಗೆ ಪೋಣಿಸುತ್ತಾರೆ. ಅತ್ತೆಯ ಸ್ಕೇಲು ಬೀಳುತ್ತಿದ್ದ ಬೆರಳನ್ನೊಮ್ಮೆ ಸವರಿಕೊಂಡು ಮೊದಲ ಹೊಲಿಗೆ ಹಾಕುತ್ತಾರೆ.

ಸಂಜೆಯ ಕಾರ್ಯಕ್ರಮ ಚಪ್ಪಲಿ ಗೋದಾಮಿನ ನೆಲಮಾಳಿಗೆಯಲ್ಲಿ. ಡ್ರಮ್ಮಿನ ಮೊದಲ ಏಟಿಗೆ ಗೋಡೆಯ ಸುಣ್ಣ ಉದುರುತ್ತದೆ, ಎರಡನೆಯದಕ್ಕೆ ಕಪಾಟಿನ ಚಪ್ಪಲಿಗಳು ತಾವಾಗಿ ನಡೆಯತೊಡಗುತ್ತವೆ. ಕಿವಿಗೆ ಹತ್ತಿ ತುರುಕಿಕೊಂಡ ಯಜಮಾನರು ಕೂರಲು ಜಾಗ ಹುಡುಕುವುದರೊಳಗೆ ಮೊದಲ ಹಾಡು ಮುಗಿದೇ ಹೋಗಿದೆ. ಇಳಿಯೇ ಎಂದು ಮುಂದಿನ ಸಾಲಿನಲ್ಲಿ ಯಾರೋ ಕೂಗುತ್ತಾರೆ. ಗಿಣಿ ಅವರಿಗೆ ಬೆನ್ನು ತಿರುಗಿಸಿ, ಎರಡೂ ಕೈ ಮೇಲೆತ್ತಿ ನಿಲ್ಲುತ್ತಾಳೆ. ಹೆಗಲಿಂದ ಸೊಂಟದವರೆಗೆ ಕೆಂಪು ಹೊಲಿಗೆ ದೀಪದಲ್ಲಿ ಧಗಧಗ ಎನ್ನುತ್ತದೆ. ಒಂದು ಹೊಲಿಗೆಯೂ ಬಿಚ್ಚುವುದಿಲ್ಲ. ಕೂಗು ಸಿಳ್ಳೆಯಾಗುತ್ತದೆ.

ಅಕ್ಕನ ಪಕ್ಕದಲ್ಲಿ ನಿಂತ ಬೋಳುತಲೆಯ ದಾಂಡಿಗ, ಆ ಬೆನ್ನಿನ ಕೆಲಸ ಯಾರದ್ದಪ್ಪಾ ಎಂದು ಗೆಳೆಯನನ್ನು ಕೇಳುತ್ತಾನೆ. ಅಕ್ಕ ಅವನ ತೋಳು ಹಿಡಿದು ತಮ್ಮ ಕಡೆ ಎಳೆದುಕೊಳ್ಳುತ್ತಾರೆ.

"ನಂದು," ಎನ್ನುತ್ತಾರೆ. "ಮೇಲಿಂದ ಮೂರನೇದು ಸೊಟ್ಟ ಬಿದ್ದಿದೆ, ಇಲ್ಲಿಂದ ಕಾಣುತ್ತಾ ನೋಡು."