ನೀಲಕ್ಕನ ಭಾರದ ಗುಂಡು

ಚುನಾವಣೆ ಬಂತೆಂದರೆ ಲೈಸೆನ್ಸಿನ ಬಂದೂಕು ಇಟ್ಟುಕೊಂಡವರೆಲ್ಲ ಅದನ್ನು ಠಾಣೆಗೆ ಒಪ್ಪಿಸಿ ಬರಬೇಕು. ಮೊನ್ನೆ ನಾನೂ ಹೋಗಿದ್ದೆ. ಈ ವಯಸ್ಸಿನಲ್ಲಿ ನಾನು ರೈಫಲ್ ಹಿಡಿದು ನಡೆದರೆ, ಯಾರು ಯಾರನ್ನು ಹೊತ್ತಿದ್ದಾರೆ ಎಂದು ನೋಡಿದವರಿಗೆ ಅನುಮಾನ ಬರುತ್ತದೆ. ಬೆಂಚಿನ ಮೇಲೆ ಕುಳಿತು ಚೀಲದ ಬಾಯಿ ಬಿಚ್ಚಿದೆ. ಎಣ್ಣೆ, ಹಿತ್ತಾಳೆ, ಹಳೆಯ ಮದ್ದಿನ ವಾಸನೆ ಒಟ್ಟಿಗೆ ಮೂಗಿಗೆ ಬಡಿಯಿತು. ಕೂಡಲೇ ಸಿಟ್ಟೂ ಬಂತು. ವಾಸನೆಗೆ ಸಿಟ್ಟಾಗುವವರುಂಟೆ ಎಂದು ನೀವು ಕೇಳಬಹುದು. ಉಂಟು, ನಾನೊಬ್ಬನಿದ್ದೇನೆ.

ರೈಫಲ್ ನಮ್ಮ ನೀಲಕ್ಕನದು. ನ್ಯಾಮತಿಯಲ್ಲಿ ಹುಟ್ಟಿದ ನನ್ನ ಅಕ್ಕನನ್ನು ಜಗಳೂರಿನ ಕಡೆ ಕೊಟ್ಟಿದ್ದರು. ಕುರಿ ಹಿಂಡು ಇದ್ದ ಮನೆ. ಮರವಿಲ್ಲದ ಬಯಲು, ಸದಾ ಬೀಸುವ ಗಾಳಿ, ಅದರ ಜೊತೆಗೆ ತೋಳಗಳು. ಭಾವ ಕಾಲವಾದ ಮೇಲೆ ಲೈಸೆನ್ಸು ಅಕ್ಕನ ಹೆಸರಿಗೆ ಬಂತು. ಆ ಬಯಲಿನ ತೋಳ ಹತ್ತಿರ ಬರುವ ಪ್ರಾಣಿಯಲ್ಲ. ದೂರದಲ್ಲಿ ನಿಂತು ನಿಮ್ಮನ್ನೇ ಅಳೆಯುತ್ತದೆ. ಹಾಗಾಗಿ ಅಕ್ಕ ದೂರಕ್ಕೆ ಗುರಿ ಇಡುವುದನ್ನು ಕಲಿತಳು. ಹಟದಿಂದಲ್ಲ, ಕುರಿ ಉಳಿಯಬೇಕಿತ್ತು, ಅದಕ್ಕೆ.

ಎರಡನೆಯ ದೊಡ್ಡ ಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚೆ ಒಂದು ಶಿಕಾರಿ ಕೂಟದವರು ಚನ್ನಗಿರಿಯಲ್ಲಿ ಗುರಿ ಹೊಡೆಯುವ ಪಂದ್ಯ ಇಟ್ಟರು. ದೂರ ಆರುನೂರು ಗಜ. ಲೈಸೆನ್ಸು ಇದ್ದವರು ಯಾರಾದರೂ ಬರಬಹುದು. ರೈಫಲೂ ತೋಟಾಗಳೂ ಅವರವರದೇ. ಅಕ್ಕ ಹೋಗುತ್ತೇನೆಂದಳು. ಬಂದೂಕಿನ ಕ್ಯಾಟಲಾಗು ಓದಿ ಪಂಡಿತನಾಗಿದ್ದ ನಾನು ಸಲಹೆಗಾರನಾಗಿ ಹೊರಟೆ.

ದಾವಣಗೆರೆಯ ಅಂಗಡಿಯಲ್ಲಿ ಆ ರೈಫಲಿಗೆ ಎರಡು ಬಗೆಯ ತೋಟಾ ಸಿಗುತ್ತಿತ್ತು. ಒಂದರಲ್ಲಿ ಹಗುರ ಗುಂಡು, ಇನ್ನೊಂದರಲ್ಲಿ ಉದ್ದನೆಯ ಚೂಪು ಮೂತಿಯ ಭಾರದ ಗುಂಡು.

"ಹಗುರದ್ದೇ ಒಯ್ರಿ ಅಮ್ಮಾರೇ. ದೊಡ್ಡ ಶಿಕಾರಿ ಸಾಹೇಬ್ರೆಲ್ಲ ಇದನ್ನೇ ತಗಳ್ಳಾದು. ಬಾಣದಂಗೆ ಹೋಗ್ತೈತೆ," ಎಂದ ಅಂಗಡಿಯವನು. ಕ್ಯಾಟಲಾಗಿನಲ್ಲಿಯೂ ಹಾಗೇ ಇತ್ತು. ನಾನು ಗಂಭೀರವಾಗಿ ತಲೆಯಾಡಿಸಿದೆ. ಅಕ್ಕ ಎರಡನ್ನೂ ಕೊಂಡಳು.

ಜಗಳೂರಿಗೆ ಹೋಗಿ, ಒಣಗಿದ ಕೆರೆಯ ಏರಿಗೆ ಸುಣ್ಣ ಬಳಿದ ಹಳೆಯ ಬಾಗಿಲೊಂದನ್ನು ಒರಗಿಸಿ ಎರಡನ್ನೂ ಹೊಡೆದು ನೋಡಿದೆವು. ಮೊದಲು ನನ್ನ ಸರದಿ. ನನ್ನ ಗುಂಡುಗಳು ಎಲ್ಲಿ ಹೋದವೋ ಕೆರೆಯ ಏರಿಗೇ ಗೊತ್ತು. ನನಗೆ ಉಳಿದದ್ದು ಊದಿದ ಭುಜ. ಅಕ್ಕ ಬೋರಲು ಮಲಗಿ ಸಾವಧಾನವಾಗಿ ಹೊಡೆದಳು. ಗಾಳಿ ನಿಂತಾಗ ಎರಡು ಬಗೆಯವೂ ತಂತಮ್ಮ ಜಾಗದಲ್ಲಿ ಒತ್ತಾಗಿ ಗುಂಪು ಕೂಡಿದವು, ಭಾರದವು ಕೊಂಚ ಕೆಳಗೆ. ಗಾಳಿ ಎದ್ದದ್ದೇ ತಡ, ಹಗುರದವು ಬಾಗಿಲಿನ ಅಂಚಿನವರೆಗೂ ಚೆದುರಿದವು. ಭಾರದವು ಕೊಂಚವೇ ಸರಿದವು.

"ಆದ್ರೂ ಭಾರದ್ದು ದೂರ ಹೋದಂಗೆಲ್ಲ ಜಾಸ್ತಿ ಕೆಳಗೆ ಇಳೀತೈತಲ್ಲಕ್ಕ," ಎಂದೆ. ಕ್ಯಾಟಲಾಗನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡುವುದುಂಟೆ?

"ಇಳೀಲಿ ಬಿಡೋ ತಮ್ಮಾ. ಎಷ್ಟು ಇಳೀತೈತೆ ಅನ್ನಾದು ಇವತ್ತೂ ಅಷ್ಟೇ, ನಾಳೇನೂ ಅಷ್ಟೇ. ಅಷ್ಟು ಮೇಲೆ ಹಿಡಿದ್ರಾಯ್ತು. ಗಾಳಿ ದಿನಾ ಒಂದೇ ಇರ್ತೈತಾ? ರಾಶಿ ತೂರುವಾಗ ನೋಡಿಲ್ಲೇನು? ಹೊಟ್ಟು ಹಾರ್ತೈತೆ, ಕಾಳು ನಿಲ್ತೈತೆ."

ಅಲ್ಲಿಗೆ ಸಲಹೆಗಾರನ ಕೆಲಸ ಮುಗಿಯಿತು. ಅಂದಿನಿಂದ ನಾನು ಬುತ್ತಿ ಹೊರುವವನು. ಅದರಲ್ಲಿ ನನಗೆ ಬೇಸರವೇನೂ ಇರಲಿಲ್ಲ. ಅಕ್ಕನ ಕೈಯ ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿಯನ್ನು ಯಾರು ಬೇಕಾದರೂ ಹೊತ್ತಾರು.

ಪಂದ್ಯದ ಬೆಳಿಗ್ಗೆ ಚನ್ನಗಿರಿಯ ಗುಡ್ಡದ ಬುಡದಲ್ಲಿ ಶಾಮಿಯಾನ ಹಾಕಿದ್ದರು. ಕೂಟದ ಅಧ್ಯಕ್ಷರು ಎಲ್ಲರ ತೋಟಾ ಪೆಟ್ಟಿಗೆಗಳನ್ನು ತಾವೇ ತೆರೆದು ನೋಡಿದರು. ಅಕ್ಕನ ಪೆಟ್ಟಿಗೆಯನ್ನೂ ನೋಡಿ, "ಭಾರದ್ದು ತಂದೀಯೇನಮ್ಮ? ಪಾಪ," ಎಂದು ನಕ್ಕು ಮುಚ್ಚಿಕೊಟ್ಟರು. ಅವರ ಅಳಿಯನೂ ಪಂದ್ಯದಲ್ಲಿದ್ದ. ಅವನದು ಹಗುರ ಗುಂಡು. ಉಳಿದವರದ್ದೂ ಅದೇ.

ಬಿಸಿಲೇರುತ್ತಿದ್ದಂತೆ ಗಾಳಿ ಎದ್ದಿತು. ಅಳಿಯನ ಗುಂಡುಗಳು ಕಪ್ಪು ವೃತ್ತ ಬಿಟ್ಟು ಬಲಕ್ಕೆ ಬಲಕ್ಕೆ ಸರಿಯತೊಡಗಿದವು. ಅಕ್ಕ ಸೆರಗು ಬಿಗಿದು ಮಲಗಿದಳು. ಗುರಿಹಲಗೆಯ ಬಳಿ ಗುಂಡಿಯಲ್ಲಿ ಕುಳಿತಿದ್ದವನು ಪ್ರತಿ ಸಲವೂ ವೃತ್ತದೊಳಗೇ ಬಿತ್ತೆಂದು ಬಾವುಟ ಎತ್ತಿದ. ಕೊನೆಗೆ ಅವಳಷ್ಟು ಅಂಕ ಯಾರಿಗೂ ಬರಲಿಲ್ಲ. ಎರಡನೆಯವನು ಅಳಿಯ.

ಶಾಮಿಯಾನದ ಹಿಂದೆ ಗುಸುಗುಸು ನಡೆಯಿತು. ಆಮೇಲೆ ಅಧ್ಯಕ್ಷರು ಬಂದು, ಭಾರದ ಗುಂಡು ಬೇಟೆಗೆ ತಕ್ಕದ್ದು, ಪಂದ್ಯಕ್ಕೆ ಸಲ್ಲದು, ಆದ್ದರಿಂದ ಆ ಅಂಕಗಳನ್ನು ಲೆಕ್ಕಕ್ಕೆ ಹಿಡಿಯಲಾಗದು ಎಂದು ಸಾರಿದರು. ಗೆದ್ದವರಿಗೆಂದು ಇಟ್ಟಿದ್ದ ಬೆಳ್ಳಿಯ ಕಪ್ ಅಳಿಯನ ಕೈಗೆ ಹೋಯಿತು. "ಆದರೂ ಸ್ತ್ರೀಯರಿಗೆ ಪ್ರೋತ್ಸಾಹ ಇರಲಿ," ಎಂದು ಅಕ್ಕನಿಗೊಂದು ವಿಶೇಷ ಬಹುಮಾನ ಚಾಚಿದರು. ಬೆಳ್ಳಿಯ ಕುಂಕುಮದ ಭರಣಿ! ಗಂಡ ಸತ್ತ ಹೆಂಗಸಿಗೆ! ಜನ ಅದಕ್ಕೂ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ, ಶೌರ್ಯವೇನಲ್ಲ, ಒಂದು ಕೈಯಲ್ಲಿ ರೈಫಲ್, ಇನ್ನೊಂದರಲ್ಲಿ ಬುತ್ತಿ ಇತ್ತು.

ಅಕ್ಕ ಭರಣಿ ಮುಟ್ಟಲಿಲ್ಲ. "ಗುಂಡು ಭಾರ ಆತು ಅಂದ್ರಿ. ಬೆಳಗ್ಗೆ ಪೆಟ್ಟಿಗೆ ಬಿಚ್ಚಿ ನೀವೇ ನೋಡಿದ್ರಲ್ಲ, ಆಗ ಹಗುರ ಇತ್ತೇನ್ರಿ?"

"ಹೆಣ್ಣುಮಕ್ಕಳು ಸಭೇಲಿ ವಾದ ಮಾಡಬಾರ್ದಮ್ಮ. ಕೊಟ್ಟದ್ದು ತಗೊಂಡು ಹೊರಡಿ."

"ಕುಂಕುಮ ಇಡಾಕೆ ಹಣೆ ಉಳಿದಿಲ್ಲ ನನಗೆ. ಗುರಿ ಇಡಾ ಕೈ ಉಳಿದೈತೆ. ನಿಮ್ಮ ಅಳಿಯಂದೇ ರೈಫಲ್ ಕೊಡ್ರಿ, ಅದೇ ಹಗುರ ಗುಂಡು ಕೊಡ್ರಿ. ಈಗಲೇ ಇನ್ನೊಂದ್ಸಲ ಹೊಡಿಯಾನ, ಅವರೂ ಹೊಡೀಲಿ."

ಅಳಿಯ ಬೂಟಿನ ತುದಿ ನೋಡತೊಡಗಿದ. ಅಧ್ಯಕ್ಷರು ಗಡಿಯಾರ ನೋಡಿ, "ಊಟದ ಹೊತ್ತಾಯ್ತು," ಎಂದರು. ಅಷ್ಟು ಜನರಲ್ಲಿ ಒಬ್ಬರೂ ಬಾಯಿ ತೆರೆಯಲಿಲ್ಲ. ತೆರೆದದ್ದು ಊಟಕ್ಕೇ.

ಮುಂದಿನ ವರ್ಷ ಕೂಟದವರ ಪ್ರಕಟಣೆ ಬಂತು. ಗಾಳಿ ಇರುವುದರಿಂದ ಭಾರದ ಗುಂಡಿನ ತೋಟಾಗಳನ್ನೇ ತರುವುದು ಒಳ್ಳೆಯದಂತೆ! ಅದರ ಕೆಳಗೇ ಇನ್ನೊಂದು ಸಾಲು: ಹೆಂಗಸರಿಗೆ ಪ್ರವೇಶವಿಲ್ಲ. ನಾನು ಓದಿ ಹೇಳಿದಾಗ ಅಕ್ಕ ಕುರಿಮರಿಗೆ ಹಾಲು ಕುಡಿಸುತ್ತಿದ್ದಳು. "ಗುಂಡು ಇಟ್ಕಂಡು ನನ್ನ ಬಿಟ್ರು ಅನ್ನು," ಎಂದಳು. ಮತ್ತೆ ಆ ಮಾತೆತ್ತಲಿಲ್ಲ. ಯುದ್ಧದಲ್ಲಿ ತೋಟಾ ಸಿಗುವುದೇ ಕಷ್ಟವಾಯಿತು. ಇದ್ದವನ್ನು ತೋಳಗಳಿಗಾಗಿ ಉಳಿಸಿಕೊಂಡಳು. ಅವಳು ಹೋದ ಮೇಲೆ ರೈಫಲ್ ನನಗೆ ಬಂತು.

ಠಾಣೆಯ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಕೆರೆಬಿಳಚಿಯ ಮುದುಕರೊಬ್ಬರು ತಮ್ಮ ಕೋವಿ ಹಿಡಿದು ಕುಳಿತಿದ್ದರು. ನನ್ನ ರೈಫಲನ್ನು ಬಹಳ ಹೊತ್ತು ನೋಡಿ, ಯಾರದೆಂದು ಕೇಳಿ ತಿಳಿದುಕೊಂಡರು. ಆಮೇಲೆ ಕಿವಿಯ ಹತ್ತಿರ ಬಾಗಿ, "ಅವತ್ತು ನಾನೂ ಅಲ್ಲೇ ಇದ್ದೆ ಕಣ್ರಿ. ಗೆದ್ದಿದ್ದು ನಿಮ್ಮಕ್ಕನೇ. ನಮಗೆಲ್ಲ ಗೊತ್ತಿತ್ತು," ಎಂದರು.

ಗೊತ್ತಿತ್ತಂತೆ!

"ಆ ಅಧ್ಯಕ್ಷರು ಸತ್ತು ಯಾವ ಕಾಲ ಆತು. ಈಗ್ಲೂ ಯಾಕ್ರಿ ಪಿಸುಗುಡ್ತೀರಿ? ಜೋರಾಗಿ ಹೇಳ್ರಿ," ಎಂದೆ.

ಅವರು ಆಚೀಚೆ ನೋಡಿದರು. ಗಂಟಲು ಸರಿಮಾಡಿಕೊಂಡು, "ಗೆದ್ದಿದ್ದು ನೀಲಮ್ಮನೋರು!" ಎಂದು ಕೂಗಿಯೇಬಿಟ್ಟರು. ಬರೆಯುತ್ತಿದ್ದ ಪೇದೆ ತಲೆಯೆತ್ತಿ ನೋಡಿ ಮತ್ತೆ ಬರೆಯತೊಡಗಿದ. ಆಕಾಶವೇನೂ ಕಳಚಿ ಬೀಳಲಿಲ್ಲ.

ಇದೊಂದು ಮಾತು ಕೇಳಿದರೆ ಸಾಕು, ಸಿಟ್ಟು ಇಳಿಯುತ್ತದೆಂದು ಇಷ್ಟು ವರ್ಷ ನಂಬಿದ್ದೆ. ಇಳಿಯಲಿಲ್ಲ. ಹೇಳುವುದು ಇಷ್ಟು ಸುಲಭವಿತ್ತಲ್ಲ ಎಂದು ಇನ್ನಷ್ಟು ಏರಿತು.