ಸೊನ್ನೆ ತುಂಬಿಸದ ಗಿರಿಜಾ ಮೇಡಂ

ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಅಜ್ಜಂಪುರದ ಬಸ್ಸು ಎಷ್ಟು ಹೊತ್ತಿಗೆ ಎಂದು ಗಿರಿಜಾ ಮೇಡಂ ಅವರನ್ನು ಕೇಳಿದವರು ಕೆಟ್ಟರು. "ಬತ್ತದೆ ಕಣ್ರೀ. ಎಷ್ಟೊತ್ತಿಗೆ ಅಂತ ನಂಗೊತ್ತಿಲ್ಲ" ಎನ್ನುತ್ತಿದ್ದರು. ಕಂಡಕ್ಟರೇನಾದರೂ ಇನ್ನೈದೇ ನಿಮಿಷ ಎಂದರೆ ಮುಗಿಯಿತು, ಆ ಐದನ್ನು ಎಲ್ಲಿಂದ ತಂದಿರಿ ಎಂದು ಅವನನ್ನೇ ಹಿಡಿದುಕೊಳ್ಳುತ್ತಿದ್ದರು. ನಮ್ಮ ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳುತ್ತಿದ್ದ ಈ ಸಿಂಗಟಗೆರೆಯ ಹೆಂಗಸಿನದು ಕಡ್ಡಿ ಮುರಿದಂಥ ಮಾತು. ಎದುರಿಗೆ ಹೆದರುತ್ತಿದ್ದೆವು, ಬೆನ್ನ ಹಿಂದೆ ನಗುತ್ತಿದ್ದೆವು.

"ಸೊನ್ನೆ ತುಂಬಿಸಬೇಡಿ" ಎನ್ನುವುದು ಅವರ ನಾಲಿಗೆಯ ಮೇಲೇ ಇರುತ್ತಿತ್ತು. ಗೊತ್ತಿರುವುದು ಮೂರಂಕಿ, ಬರೆಯುವುದು ಆರಂಕಿ, ಉಳಿದದ್ದಕ್ಕೆ ಸೊನ್ನೆ ಎಂದರೆ ಅವರ ಪ್ರಕಾರ ಅದು ಶುದ್ಧ ಸುಳ್ಳು. ಉತ್ತರ ಪತ್ರಿಕೆಯಲ್ಲಿ ಹಾಗೆ ಬರೆದವರಿಗೆ ಮಾರ್ಕ್ಸ್ ಖೋತಾ.

ಎಂ.ಎಸ್ಸಿ. ಪ್ರಾಜೆಕ್ಟಿಗೆ ಅವರೇ ನನ್ನ ಗೈಡು. ಒಂದು ಅಣುವಿನ ಆಕಾರವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಕೆಲಸ. ಫೈಲಿನಲ್ಲಿ ಪರಮಾಣುವಿಗೊಂದು ಸಾಲು, ಸಾಲಿನಲ್ಲಿ ಅದು ಎಲ್ಲಿ ಕೂತಿದೆ ಎಂದು ಹೇಳುವ ಮೂರು ಸಂಖ್ಯೆ. ನನ್ನದು ಆರು ಇಂಗಾಲದ ಉಂಗುರ. ಆರೂ ಬದಿ ಸಮ ಇರಬೇಕೆಂದು ಪುಸ್ತಕಗಳು ಹೇಳುತ್ತಿದ್ದವು. ನನ್ನ ಲೆಕ್ಕದಲ್ಲಿ ಕೂದಲೆಳೆಯಷ್ಟು ಸೊಟ್ಟ ಬಂತು. ಅಬ್ಬಾ, ಹೊಸದೇನೋ ಸಿಕ್ಕಿತೆಂದು ಒಂದು ಅಧ್ಯಾಯವನ್ನೇ ಬರೆದೆ. ಇದರ ಬಲದ ಮೇಲೆ ಪಿಎಚ್.ಡಿ. ಸೀಟು ಸಿಕ್ಕೇ ಸಿಗುತ್ತದೆಂದು ಅಜ್ಜಂಪುರದ ಮನೆಯಲ್ಲೆಲ್ಲ ಹೇಳಿಯೂ ಬಿಟ್ಟೆ.

ಮೇಡಂ ಅಧ್ಯಾಯ ಓದಲೇ ಇಲ್ಲ, ಫೈಲು ತೆರೆಸಿದರು. ಕನ್ನಡಕ ಹಣೆಗೇರಿಸಿ, ಪರದೆಗೆ ಮೂಗು ತಾಗುವಷ್ಟು ಬಗ್ಗಿ, ಸಂಖ್ಯೆಗಳ ಬಾಲವನ್ನೇ ನೋಡಿದರು. ದಶಮಾಂಶ ಚುಕ್ಕೆಯ ಆಚೆಗೆ ಆರಂಕಿ. ಕೊನೆಯ ಮೂರು ಎಲ್ಲ ಸಾಲಿನಲ್ಲೂ ಸೊನ್ನೆ. ನಡುವೆ ಚಿತ್ರ ನೋಡಲೆಂದು ಬೇರೆ ಫಾರ್ಮ್ಯಾಟಿಗೆ ಹಾಕಿದ್ದೆಯಾ ಎಂದು ಕೇಳಿದರು. ಹಾಕಿದ್ದೆ. ಆ ಫಾರ್ಮ್ಯಾಟಿನಲ್ಲಿ ಮೂರಂಕಿಗಷ್ಟೇ ಜಾಗ. ಮಿಕ್ಕದ್ದನ್ನು ಅದು ಕತ್ತರಿಸಿ ಬಿಸಾಕಿತ್ತು. ವಾಪಸ್ ತಂದಾಗ ಖಾಲಿ ಜಾಗದಲ್ಲಿ ಸೊನ್ನೆ ಬಂದು ಕೂತಿತ್ತು. ನಾನು ಬದಿಗಳನ್ನು ಅಳೆದದ್ದು ಆ ಕತ್ತರಿಸಿದ ಅಂಕಿಗಳಲ್ಲೇ.

"ಸೊಟ್ಟ ಇರೋದು ಉಂಗುರ ಅಲ್ಲ ಕಣೇ, ನಿನ್ನ ಫೈಲು" ಎಂದರು.

ಮೈಯೆಲ್ಲ ಉರಿದುಹೋಯಿತು. ಪ್ರಾಜೆಕ್ಟು ಕೊಡಲು ವಾರವಿತ್ತಷ್ಟೆ. ನಾಲ್ಕನೆಯ ಅಂಕಿಯನ್ನು ಯಾವ ಪರೀಕ್ಷಕರು ನೋಡುತ್ತಾರೆ ಎಂದು ವಾದಕ್ಕೆ ನಿಂತೆ. ಅವರು ಜಗಳಕ್ಕೆ ಬರಲಿಲ್ಲ. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು, ಮೊದಲ ಲೆಕ್ಕದ ಪೂರ್ತಿ ಅಂಕಿಗಳನ್ನು ಹುಡುಕಿಸಿ, ಬದಿಗಳನ್ನು ಮತ್ತೆ ಅಳೆಸಿದರು. ಆರೂ ಸಮ. ಅಧ್ಯಾಯ ಹೋಯಿತು. ವೈವಾದಲ್ಲಿ ಪರೀಕ್ಷಕರು ಮೊದಲು ತೆರೆಸಿದ್ದು ಅದೇ ಫೈಲನ್ನು! ಒಂದೊಂದು ಅಂಕಿಯೂ ಎಲ್ಲಿಂದ ಬಂತೆಂದು ತೋರಿಸಿದೆ. ಪಿಎಚ್.ಡಿ. ಸೀಟು ಸಿಕ್ಕಿತು, ಸೊಟ್ಟ ಉಂಗುರದ ಹಂಗಿಲ್ಲದೆ.

ಹೋದ ವರ್ಷ ಮೇಡಂ ಕಾಯಿಲೆಯಾಗಿ ಕಡೂರಿನ ಮಗಳ ಮನೆಯಲ್ಲಿ ಮಲಗಿದ್ದರು. ಕೈ ಕಡ್ಡಿಯಾಗಿತ್ತು. ಏನಾದರೂ ಹೇಳಬೇಕಲ್ಲ, ಮುಂದಿನ ತಿಂಗಳ ಹೊತ್ತಿಗೆ ಎದ್ದು ಓಡಾಡುತ್ತೀರಿ ಎಂದೆ.

"ಸೊನ್ನೆ ತುಂಬಿಸಬೇಡ. ಗೊತ್ತಿರೋದು ಹೇಳು."

ನನಗೆ ಗೊತ್ತಿದ್ದದ್ದು ಒಂದೇ. "ಭಾನುವಾರ ಬತ್ತೀನಿ ಮೇಡಂ."

"ಹ್ಞೂಂ, ಅದನ್ನ ಹೇಳು" ಎಂದು ನನ್ನ ಕೈ ಒತ್ತಿದರು.

ಶುಕ್ರವಾರ ತೀರಿಕೊಂಡರು. ಶನಿವಾರ ಮಣ್ಣಿಗೆ ಹೋಗಿ ಬಂದೆ. ಭಾನುವಾರ ಬೆಳಿಗ್ಗೆ ಮತ್ತೆ ಕಡೂರಿನ ಬಸ್ಸು ಹತ್ತಿದೆ. ಬತ್ತೀನಿ ಅಂದಿದ್ದೆನಲ್ಲ.