ಕ್ರೌಪಾ ಕೊಟ್ಟ ನೆರಳು

ಒತಾಕರ್ ಕ್ರೌಪಾ ಜೆಕ್ಕರ ಬೊಹೀಮಿಯಾದಿಂದ ನದಿ ದಂಡೆಯ ತುತ್ರಕಾನ್ ಊರಿಗೆ ಬಂದಾಗ ಅವನ ಪೆಟ್ಟಿಗೆಯಲ್ಲಿದ್ದದ್ದು ಎರಡು ಗಟ್ಟಿ ಕಾಲರು, ವಿಯೆನ್ನಾದ ಕಟ್ಟಡಗಳ ಚಿತ್ರವಿದ್ದ ಒಂದು ದಪ್ಪ ಪುಸ್ತಕ, ಮತ್ತು ತನ್ನ ಬಗ್ಗೆ ತನಗೇ ಬೇಕಾದಷ್ಟು ಅಭಿಮಾನ. ತುರ್ಕರ ಆಳ್ವಿಕೆ ಹೋಗಿ ಒಂದು ತಲೆಮಾರು ಕಳೆದಿತ್ತು. ಬಲ್ಗೇರಿಯಾದ ಪ್ರತಿ ಊರಿಗೂ ಯುರೋಪಿನಂತೆ ಕಾಣುವ ಆಸೆ. ನಕ್ಷೆ ಬರೆಯಬಲ್ಲ ಯಾವ ಜೆಕ್ ವಾಸ್ತುಶಿಲ್ಪಿ ಬಂದರೂ ಕುರ್ಚಿ ಹಾಕಿ ಕೂರಿಸುತ್ತಿದ್ದರು. ಕ್ರೌಪಾ ಆ ಕುರ್ಚಿಯಿಂದ ಮೇಲೇಳಲೇ ಇಲ್ಲ.

ಮೊದಲು ಊರಿನ ಸ್ನಾನದ ಮನೆ ಕಟ್ಟಿಸಿದ. ಮೀಯಲು ಕೂತವರ ನೆತ್ತಿಗೆ ಗುಮ್ಮಟದಿಂದ ತಣ್ಣೀರು ತೊಟ್ಟಿಕ್ಕಿತು. ಅದು ಆವಿಯ ಸ್ವಭಾವ, ಕಟ್ಟಡದ ತಪ್ಪಲ್ಲ ಎಂದ. ಆಮೇಲೆ ಧಾನ್ಯದ ವ್ಯಾಪಾರಿಯೊಬ್ಬನ ಮನೆ. ಬೀದಿಯ ಕಡೆ ಗಾರೆಯಲ್ಲಿ ಮಾಡಿದ ದೇವಿಯರು ನಿಂತರು, ಒಳಗೆ ಒಲೆಗೆ ಜಾಗವಿರಲಿಲ್ಲ. ಆ ಮನೆಯಾಕೆ ರೊಟ್ಟಿ ಬೇಯಿಸಲು ಪಕ್ಕದ ಮನೆಗೆ ಹೋಗುತ್ತಿದ್ದಳು. ಇವನು ಕಾಫಿ ಅಂಗಡಿಯಲ್ಲಿ ಕೂತು, ನೆಲದ ಮೇಲೆ ಕೂತು ಉಣ್ಣುವ ಜನಕ್ಕೆ ದೇವಿಯರ ಬೆಲೆ ಎಲ್ಲಿ ತಿಳಿಯಬೇಕು ಎಂದು ಮೂಗು ಮುರಿಯುತ್ತಿದ್ದ.

ಇಂಥವನ ಕೈ ಹಿಡಿದವಳು ದೋಣಿ ಕಟ್ಟುವವನ ಮಗಳು ದೋಂಕಾ. ಕಾಲರಿಗೆ ಗಂಜಿ ಹಾಕುವುದನ್ನು ಕಲಿತಳು, ಅವನ ಭಾಷಣಕ್ಕೆ ಹೂಂಗುಟ್ಟುವುದನ್ನೂ ಕಲಿತಳು. ಲ್ಯುಬೆನ್ ಹುಟ್ಟಿದ ಮೇಲೆ ಹೂಂಗುಟ್ಟಲು ಪುರುಸೊತ್ತಾಗಲಿಲ್ಲ.

ಮಗು ಗೋಡೆ ಹಿಡಿದು ನಿಲ್ಲಲು ಕಲಿಯುತ್ತಿದ್ದ ವರ್ಷ ಕ್ರೌಪಾಗೆ ಓದುಮನೆಯ ಕೆಲಸ ಸಿಕ್ಕಿತು. ಪುಸ್ತಕಕ್ಕೂ ನಾಟಕಕ್ಕೂ ಸಭೆಗೂ ಊರವರೆಲ್ಲ ಸೇರಿ ಕಟ್ಟಿಸುವ ದೊಡ್ಡ ಮನೆ ಅದು. ಇದೊಂದು ಎದ್ದು ನಿಂತರೆ ರೂಸೆ ನಗರದಿಂದಲೇ ಕರೆ ಬರುತ್ತದೆಂದು ಅವನ ಕನಸು. ಅದಕ್ಕೇ ಮುಂಭಾಗದ ಅಲಂಕಾರದ ಗಾರೆಯ ತಲೆಗಳಿಗೆ ಧಾರಾಳವಾಗಿ ಹಣ ಸುರಿದು, ಯಾರ ಕಣ್ಣಿಗೂ ಬೀಳದ ಪಾಯದಲ್ಲಿ ಉಳಿಸಿದ್ದ. ನದಿಯ ಕಡೆಯ ಮೂಲೆ ಕುಸಿಯಿತು. ಮತ್ತೆ ಕಟ್ಟಿದರು, ಮತ್ತೆ ಕುಸಿಯಿತು.

ಗಾರೆಯವರು ಕರಣೆ ಕೆಳಗಿಟ್ಟರು. ಮೂಲೆ ನೆರಳು ಕೇಳುತ್ತಿದೆ ಎಂದ ಗೆಂಚೋ ಮೇಸ್ತ್ರಿ. ಯಾರಾದರೊಬ್ಬರ ನೆರಳನ್ನು ಅವರಿಗೆ ತಿಳಿಯದಂತೆ ದಾರದಲ್ಲಿ ಅಳೆದು, ಆ ದಾರವನ್ನು ಪಾಯದ ಕಲ್ಲಿನಡಿ ಇಡಬೇಕು. ಗೋಡೆ ನಿಲ್ಲುತ್ತದೆ. ಆ ನೆರಳಿನವರು ನಲವತ್ತು ದಿನದೊಳಗೆ ತೀರಿಹೋಗುತ್ತಾರೆ. ಆ ಭಯಕ್ಕೆ ತಾಯಂದಿರು ಎಳೆಮಕ್ಕಳನ್ನು ಎತ್ತಿಕೊಂಡು ಕಟ್ಟಡದ ಹತ್ತಿರ ಸುಳಿಯುತ್ತಿರಲಿಲ್ಲ. ಕ್ರೌಪಾ ಕಾಫಿ ಅಂಗಡಿಯಲ್ಲಿ ಇದನ್ನು ಹೇಳಿ ಹೇಳಿ ನಕ್ಕ. ಆದರೂ ಎರಡು ದಿನದಲ್ಲಿ ಗಾರೆಯವರು ಕೆಲಸಕ್ಕೆ ಮರಳಿದರು.

ಅಂದು ದೋಂಕಾ ಮಗುವನ್ನು ತನ್ನ ತಾಯಿಯ ಬಳಿ ಬಿಟ್ಟು, ಗಂಡ ಮರೆತುಹೋದ ಬುತ್ತಿ ತಂದಳು. ಕುಸಿದ ಮೂಲೆಯ ಪಾಯದ ಗುಂಡಿಯ ಬಳಿ ಗೆಂಚೋ ಕುಕ್ಕರಗಾಲಲ್ಲಿ ಕೂತಿದ್ದ. ಕೈಯಲ್ಲೊಂದು ಕೆಂಪು ಉಣ್ಣೆಯ ದಾರ, ತುದಿಯಲ್ಲಿ ನೀಲಿ ಮಣಿ. ಮಗುವಿನ ಟೋಪಿಗೆಂದು ತಾನೇ ನೂತು, ದೃಷ್ಟಿ ತಾಗದಿರಲೆಂದು ತಾನೇ ಮಣಿ ಕಟ್ಟಿದ್ದ ದಾರ. ಬೆಳಿಗ್ಗೆ ಅದು ಕಾಣದೆ ಬೆಕ್ಕನ್ನು ಬೈದಿದ್ದಳು.

“ಗೆಂಚೋ ಮಾವ, ಇದು ಯಾರ ನೆರಳು?”

“ನಿನ್ನ ಗಂಡಾನೇ ಕೊಟ್ರು ಮಗಳೇ. ಯಾರೋ ದಾರಿಹೋಕಂದಂತೆ.”

“ಎರಡು ಮೊಳದ ದಾರಿಹೋಕ?”

“ಬಿಸಿಲು ನೆತ್ತಿ ಮೇಲಿದ್ದಾಗ ಅಳೆದಿರ್ಬೇಕು ಅಂದ್ಕೊಂಡೆ. ಕೇಳೋಕೆ ಹೋಗ್ಲಿಲ್ಲ.” ಮೇಸ್ತ್ರಿ ಮುಖ ತಿರುಗಿಸಿದ. ಕೇಳದಿರುವುದರಲ್ಲಿ ಅವನಿಗೂ ಅನುಕೂಲವಿತ್ತು.

ದೋಂಕಾಳಿಗೆ ಮೊನ್ನೆಯ ಬೆಳಿಗ್ಗೆ ನೆನಪಾಯಿತು. ಎಂದೂ ಮಗುವನ್ನು ಮುಟ್ಟದವನು ಅಂದು ಎತ್ತಿಕೊಂಡು ಹೋಗಿ ಅಂಗಳದ ಬಿಸಿಲಲ್ಲಿ ನಿಲ್ಲಿಸಿದ್ದ. ಕೊನೆಗೂ ಅಪ್ಪನಿಗೆ ಮಗನ ಮೇಲೆ ಮನಸ್ಸು ಬಂತಲ್ಲ ಎಂದು ಅವಳು ಒಲೆಯ ಮುಂದೆ ಹಿಗ್ಗಿ, ಅವನ ತಟ್ಟೆಗೆ ಒಂದು ತುಂಡು ಚೀಸ್ ಹೆಚ್ಚಿಗೆ ಹಾಕಿದ್ದಳು.

ಅವಳು ದಾರವನ್ನು ಗೆಂಚೋನ ಕೈಯಿಂದ ಎಳೆದುಕೊಂಡಳು. ಅಷ್ಟರಲ್ಲಿ ಕ್ರೌಪಾ ಟೋಪಿ ಸರಿಮಾಡಿಕೊಳ್ಳುತ್ತ ಬಂದು ದನಿ ತಗ್ಗಿಸಿದ.

“ಬರೀ ದಾರ ಕಣೇ. ಈ ಮುಠ್ಠಾಳರ ಸಮಾಧಾನಕ್ಕೆ ಕೊಟ್ಟೆ. ಓದಿದೋರು ಇದನ್ನೆಲ್ಲ ನಂಬ್ತಾರಾ?”

“ನಂಬಲ್ವಾ?”

“ಛೆ.”

“ಹಾಗಾದ್ರೆ ಬಾ, ಬಿಸಿಲಲ್ಲಿ ನಿಂತ್ಕೊ. ನಿಂದು ಅಳೆದು ಕೊಡ್ತೀನಿ.”

ಅವಳು ಸೊಂಟಕ್ಕೆ ಕಟ್ಟಿದ್ದ ಮೇಲುಡುಪಿನ ದಾರ ಬಿಚ್ಚಿದಳು. ಕ್ರೌಪಾ ನಗಲು ನೋಡಿದ, ಆಗಲಿಲ್ಲ. ಟೋಪಿ ಸಮೇತ ನೆಲದ ಮೇಲೆ ಬಿದ್ದಿದ್ದ ತನ್ನ ನೆರಳನ್ನು ನೋಡಿದ. ಒಂದು ಹೆಜ್ಜೆ ಹಿಂದೆ ಸರಿದ, ಇನ್ನೊಂದು ಸರಿದ. ಗಾರೆಯವರು ನಿಂತಿದ್ದ ಸಾರುವೆ ಹಲಗೆಗಳ ನೆರಳಿನೊಳಗೆ ಪೂರ್ತಿ ಸೇರಿಕೊಂಡು, ಹೊರಗುಳಿದಿದ್ದ ಬೂಟಿನ ತುದಿಯನ್ನೂ ಒಳಗೆಳೆದುಕೊಂಡ.

ಮೇಲಿದ್ದ ಗಾರೆಯವನೊಬ್ಬ ಮೊದಲು ನಕ್ಕ. ಆಮೇಲೆ ಎಲ್ಲರೂ ನಕ್ಕರು. ದೋಂಕಾ ನಗಲಿಲ್ಲ. ಬುತ್ತಿಯನ್ನು ಗೆಂಚೋನ ಮುಂದಿಟ್ಟು ನೇರ ತವರಿಗೆ ಹೋದಳು.

ಕೊನೆಗೆ ಗಾರೆಯವರು ಒಂದು ಹುಂಜ ಕೊಯ್ದು, ಪಾಯವನ್ನು ಇನ್ನಷ್ಟು ಆಳ ತೋಡಿ ಗೋಡೆ ನಿಲ್ಲಿಸಿದರು. ನಮ್ಮ ವಾಸ್ತುಶಿಲ್ಪಿಗಳು ಮೋಡದ ದಿನ ನೋಡಿಕೊಂಡು ಕೆಲಸಕ್ಕೆ ದಯಮಾಡಿಸುತ್ತಿದ್ದರು. ಓದುಮನೆ ತೆರೆದ ದಿನ ಒಳ್ಳೆಯ ಬಿಸಿಲು. ಊರವರೆಲ್ಲ ಫೋಟೋಗೆ ಮುಂದೆ ನಿಂತರೆ, ಕತ್ತು ನೋವೆಂದು ಇವನು ಬಾಗಿಲ ಒಳಗೇ ಉಳಿದ. ಫೋಟೋದಲ್ಲಿ ಗಾರೆಯ ತಲೆಗಳು ಇವೆ, ಅವನ ತಲೆ ಇಲ್ಲ. ರೂಸೆಯಿಂದ ಕರೆ ಬರಲಿಲ್ಲ. ಮುಂದೆ ಗೋರಿಕಲ್ಲುಗಳ ನಕ್ಷೆ ಬರೆದು ಹೊಟ್ಟೆ ಹೊರೆದ.

ದೋಂಕಾ ಆ ದಾರವನ್ನು ತೊಳೆದು ಒಣಗಿಸಿ, ಬಿಳಿಯ ಉಣ್ಣೆ ಸೇರಿಸಿ ಟೋಪಿ ಹೆಣೆದಳು. ಇದೆಲ್ಲ ಸುಳ್ಳು ಎಂದು ತನಗೆ ತಾನೇ ಹೇಳಿಕೊಳ್ಳುತ್ತಲೇ ದಿನ ಎಣಿಸಿದಳು. ಪ್ರತಿ ರಾತ್ರಿ ಮಗುವಿನ ಉಸಿರಿಗೆ ಕೈ ಒಡ್ಡಿ ನೋಡಿದಳು. ನಲವತ್ತು ಕಳೆಯುವ ಹೊತ್ತಿಗೆ ಲ್ಯುಬೆನ್ ಟೋಪಿ ಹಾಕಿಕೊಂಡು ಅಜ್ಜನ ದೋಣಿಗಳ ನಡುವೆ ಎದ್ದು ಬಿದ್ದು ಓಡುತ್ತಿದ್ದ.

ನಲವತ್ತೊಂದನೆಯ ದಿನ ಕ್ರೌಪಾ ಗಂಜಿ ಹಾಕಿಕೊಡೆಂದು ಕಾಲರುಗಳನ್ನು ಕಳಿಸಿದ. ಅವಳು ಅವನ್ನು ಮಗುವಿನ ಬಾಯಿ ಒರೆಸಲು ಇಟ್ಟುಕೊಂಡಳು.